ಓದದೆ ಬಿಟ್ಟ ಸಾಲು

ನನ್ನ ನೆಗೆಣ್ಣಿ ದಾಕ್ಷಾಯಿಣಿಯ ಬಲಗಣ್ಣು ಕೆಂಪಾದದ್ದು ೨೦೦೫ರ ಜುಲೈ ತಿಂಗಳ ಒಂದು ಗುರುವಾರ. ಅವಳನ್ನು ಆಸ್ಪತ್ರೆಗೆ ಕರೆದೊಯ್ದದ್ದು ಮುಂದಿನ ಮಂಗಳವಾರ. ನಡುವಿನ ದಿನಗಳಲ್ಲಿ ಆ ಕಣ್ಣಿಗೆ ಏನಾಗುತ್ತಿದೆ ಎಂದು ನಮ್ಮ ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಆ ಒಬ್ಬಳು ನಾನು.

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ನಮ್ಮ ಮನೆ. ನನ್ನ ಗಂಡ ಅಮರೇಶ, ಮೈದುನ ಫಕೀರೇಶ ಇಬ್ಬರೂ ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿ, ಕಾಳಿನ ವ್ಯಾಪಾರ ಮಾಡುತ್ತಾರೆ. ಮನೆ ನಡೆಸುವವರು ಅತ್ತೆ ಶಿವಲಿಂಗವ್ವ. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ೧೯೯೪ರಲ್ಲಿ ಈ ಮನೆಗೆ ಬಂದೆ. ಏಳು ವರ್ಷದ ನಂತರ ಫಕೀರೇಶನ ಹೆಂಡತಿಯಾಗಿ ದಾಕ್ಷಿ ಬಂದಳು. ಹತ್ತಿರದ ಸುಳ್ಳ ಎಂಬ ಹಳ್ಳಿಯವಳು, ಏಳನೇ ಇಯತ್ತೆ ಕಲಿತವಳು.

ಅತ್ತೆ ನನ್ನನ್ನು ಒಮ್ಮೆಯೂ ಬಯ್ದಿರಲಿಲ್ಲ. ಬಂದವರ ಮುಂದೆ, "ನಮ್ಮ ಗೀತಾ ಶಾಣ್ಯಾಕಿ, ಆಕೀಗೆ ಹೇಳೂದೇನೈತಿ" ಎನ್ನುತ್ತಿದ್ದರು. ಮೊದಲ ಏಳು ವರ್ಷ ನಾನು ಅದನ್ನು ಮೆಚ್ಚುಗೆ ಎಂದೇ ತಿಳಿದಿದ್ದೆ. ದಾಕ್ಷಿ ಬಂದ ಮೇಲೆ ಈ ಮನೆಯಲ್ಲಿ ಬೈಗುಳ ಎಂದರೇನು ಎಂದು ಗೊತ್ತಾಯಿತು.

"ಏ ಕತ್ತೀ, ತಲಿ ಒರಸ್ಕೋ, ಥಂಡಿ ಆಗ್ತೈತಿ."

"ಇನ್ನೂ ಉಂಡಿಲ್ಲೇನ ಮೂಳಿ? ನಾ ಬಂದು ತುತ್ತ ಮಾಡಿ ಹಾಕ್ಬೇಕೇನ?"

ಬಯ್ಯುತ್ತಲೇ ಅವಳ ತಲೆಗೆ ಎಣ್ಣೆ ತಿಕ್ಕುವರು. ಬಯ್ಯುತ್ತಲೇ ತಮ್ಮ ತಾಟಿನಿಂದ ಅವಳ ಬಾಯಿಗೆ ತುತ್ತು ಇಡುವರು. ಅವಳೂ ಕಡಿಮೆ ಇರಲಿಲ್ಲ. "ಅತ್ತೀ, ನೀವು ಬೈಲಿಲ್ಲಂದ್ರ ನನಗ ಉಂಡಿದ್ದು ಕರಗೂದಿಲ್ರಿ" ಎಂದು ಹಲ್ಲು ಕಿರಿಯುವಳು. ಅತ್ತೆ ಹೊಟ್ಟೆ ಹಿಡಿದು ನಗುವರು. ನಾನು ಅಡುಗೆಮನೆಯಲ್ಲಿ ನಿಂತು ಆ ನಗೆಯನ್ನು ಕೇಳುತ್ತಿದ್ದೆ. ಇಬ್ಬರು ಮೊಮ್ಮಕ್ಕಳನ್ನು ಕೊಟ್ಟವಳು ನಾನು. ಅತ್ತೆಯ ಹರಿದ ಸೀರೆಯ ಅಂಚನ್ನು ಹೊಲಿಗೆ ಕಾಣದಂತೆ ಹೊಲಿದುಕೊಡುವವಳು ನಾನು. ಆ ನಗೆ ನನ್ನ ಯಾವ ಕೆಲಸಕ್ಕೂ ಬಂದದ್ದಿಲ್ಲ.

೨೦೦೩ರಲ್ಲಿ ದಾಕ್ಷಿಗೆ ಕೊರಳೆಲುಬು ಎದೆಯೆಲುಬಿಗೆ ಕೂಡುವ ಜಾಗದಲ್ಲಿ ಬಾವು ಬಂದು ನೋಯತೊಡಗಿತು. ಸರಿಸುಮಾರು ಅದೇ ಹೊತ್ತಿಗೆ ಅಂಗೈ ತುಂಬ ಸಣ್ಣ ಕೀವುಗುಳ್ಳೆಗಳೆದ್ದವು. ಕೀವನ್ನು ಪರೀಕ್ಷೆಗೆ ಕೊಟ್ಟರೆ ಅದರಲ್ಲಿ ಯಾವ ರೋಗಾಣುವೂ ಇರಲಿಲ್ಲ. ಒಬ್ಬ ವೈದ್ಯರು ಕೈಗೆ ಮುಲಾಮು ಕೊಟ್ಟರು, ಇನ್ನೊಬ್ಬರು ಎಲುಬಿನ ಕ್ಷಯವಿರಬಹುದು ಎಂದರು. ಅಂಗೈಯನ್ನೂ ಎಲುಬನ್ನೂ ಒಟ್ಟಿಗೆ ಇಟ್ಟು ನೋಡಿದವರು ಸತ್ತೂರಿನ ಆಸ್ಪತ್ರೆಯ ಡಾ. ರಮಾಕಾಂತ. ಬೆಂಗಳೂರಿನಲ್ಲಿ ಎಲುಬಿನ ಸ್ಕ್ಯಾನ್ ಮಾಡಿಸಿ ತರಲು ಹೇಳಿದರು. ಅದನ್ನು ನೋಡಿದ ಮೇಲೆ ಹೆಸರು ಹೇಳಿದರು: ಸಾಫೋ. ದೇಹವನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಎಲುಬಿನಲ್ಲಿ, ಚರ್ಮದಲ್ಲಿ ಉರಿಯೂತ ಎಬ್ಬಿಸುವ ಅಪರೂಪದ ಕಾಯಿಲೆ.

ಅಪರೂಪದ ಕಾಯಿಲೆ ಕೂಡ ಅವಳಿಗೇ ಬಂತಲ್ಲ ಎಂದು ನನಗೆ ಅನ್ನಿಸಿತು. ಈ ವಾಕ್ಯವನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ಹಾಗೆಯೇ. ಗುಳ್ಳೆಯ ಅಂಗೈಯಿಂದ ರೊಟ್ಟಿ ಬಡಿಯಲು ಬರುವುದಿಲ್ಲ, ಹೀಗಾಗಿ ದಿನದ ಮೂವತ್ತು ರೊಟ್ಟಿ ನನ್ನ ಪಾಲಿಗೆ ಬಂದವು. ಆ ಹೊತ್ತಿನಲ್ಲಿ ಅತ್ತೆ ಅವಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೊಬ್ಬರಿ ಎಣ್ಣೆ ಹಚ್ಚುತ್ತ ಪಡಸಾಲೆಯಲ್ಲಿ ಕೂಡುವರು. ಹಂಚು ತಾಕಿ ಬೆರಳು ಸುಟ್ಟಾಗ ನಾನು ಸುಮ್ಮನೆ ನಲ್ಲಿಯ ಕೆಳಗೆ ಹಿಡಿಯುತ್ತಿದ್ದೆ. ಒಂದು ಮಧ್ಯಾಹ್ನ ಕಿಟಕಿಯ ಬೆಳಕಿನಲ್ಲಿ ಕುಳಿತು, ಕಾಲೇಜಿನ ದಿನಗಳ ಭೂತಗನ್ನಡಿ ಹಿಡಿದು, ನನ್ನ ಎರಡೂ ಅಂಗೈಗಳನ್ನು ಬೆರಳಿನ ಸಂದು ಸಹಿತ ಪರೀಕ್ಷಿಸಿದೆ. ಒಂದು ಗುಳ್ಳೆಯೂ ಇರಲಿಲ್ಲ. ನನಗೆ ಸಮಾಧಾನವಾಗಲಿಲ್ಲ.

೨೦೦೫ರ ಫೆಬ್ರುವರಿಯಲ್ಲಿ ಔಷಧ ಶುರು ಮಾಡುವ ದಿನ ದಾಕ್ಷಿಯ ಜೊತೆ ಆಸ್ಪತ್ರೆಗೆ ಹೋದವಳು ನಾನು. ಅವಳು ಒಳಗೆ ರಕ್ತ ಕೊಡಲು ಹೋದಾಗ ಡಾ. ರಮಾಕಾಂತ ನನಗೆ ಎಲ್ಲವನ್ನೂ ತಿಳಿಸಿ ಹೇಳಿದರು. ಅದನ್ನೇ ಇಂಗ್ಲಿಷಿನಲ್ಲಿ ಒಂದು ಚೀಟಿಯ ಮೇಲೆ ಬರೆದೂ ಕೊಟ್ಟರು.

"ನೀವು ಸೈನ್ಸ್ ಓದೀರಿ ಅಂತೀರಿ. ಛಲೋ ಆತು. ಮನ್ಯಾಗ ಎಲ್ಲಾರಿಗೂ ಬಿಡಿಸಿ ಹೇಳ್ರಿ. ಕಡೀ ಸಾಲು ಮರೀಬ್ಯಾಡ್ರಿ."

ಕೊನೆಯ ಸಾಲು ಹೀಗಿತ್ತು: ಕಣ್ಣು ಕೆಂಪಾದರೆ, ನೋವಾದರೆ, ನೋಟ ಮಂಜಾದರೆ ಅದೇ ದಿನ ಬರಬೇಕು. ಈ ಕಾಯಿಲೆಯ ಉರಿಯೂತ ಕೆಲವರಲ್ಲಿ ಕಣ್ಣಿನ ಒಳಗೂ ಏಳುತ್ತದಂತೆ.

ಮನೆಗೆ ಬಂದಾಗ ಅತ್ತೆ ಪಡಸಾಲೆಯಲ್ಲೇ ಕಾಯುತ್ತಿದ್ದರು. ದಾಕ್ಷಿಯನ್ನು ಎಳೆದು ಹತ್ತಿರ ಕೂರಿಸಿಕೊಂಡು ಅವಳ ಭುಜ ಒತ್ತುತ್ತ, "ಗೀತಾ, ಡಾಕ್ಟರ್ ಏನ ಬರದಾರ ಓದಿ ಹೇಳ" ಎಂದರು. ನಾನು ಓದಿದೆ. ಊಟವಾದ ಮೇಲೆ ದಿನಕ್ಕೆ ಎರಡು ಗುಳಿಗೆ. ಸೋಮವಾರಕ್ಕೊಮ್ಮೆ ಮಾತ್ರ ಈ ಹಳದಿ ಗುಳಿಗೆ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಪ್ರತಿ ಸಾಲಿಗೂ ಅತ್ತೆ ಅವಳ ಗಲ್ಲ ಸವರಿ, "ನನ್ನವ್ವ, ಎಷ್ಟ ತ್ರಾಸ ಸೋಸಾಕತ್ತೀಯ" ಎನ್ನುತ್ತಿದ್ದರು. ಒಂದೇ ಸಾಲು ಉಳಿದಿತ್ತು. ಅದನ್ನು ಓದಿದರೆ ನಾಳೆಯಿಂದ ಮುಂಜಾನೆ ಎದ್ದ ಕೂಡಲೇ ಅತ್ತೆ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ನನಗೆ ಎದುರಿಗೇ ಕಂಡಂತಾಯಿತು.

"ಇಷ್ಟ ಅತ್ತೀ" ಎಂದು ಚೀಟಿ ಮಡಚಿ ದಾಕ್ಷಿಯ ಕೈಗೆ ಕೊಟ್ಟೆ.

ನಾಳೆ ಹೇಳಿದರಾಯಿತು ಎಂದುಕೊಂಡಿದ್ದೆ. ಜುಲೈ ಬಂತು.

ಆ ಮಳೆಗಾಲದಲ್ಲಿ ಓಣಿಯಲ್ಲಿ ಎಲ್ಲರಿಗೂ ಕಣ್ಣು ಬಂದಿದ್ದವು. ಮೊದಲು ನನ್ನ ಇಬ್ಬರು ಮಕ್ಕಳಿಗೆ, ಆಮೇಲೆ ಅಮರೇಶರಿಗೆ. ಒಂದೊಂದು ವಾರ ಇದ್ದು ಹೋದವು. ಗುರುವಾರ ದಾಕ್ಷಿ ಕಣ್ಣುಜ್ಜುತ್ತ ಹೊರಬಂದಾಗ ಅತ್ತೆ, "ಆತು, ಈಕಿಗೂ ಬಂತು!" ಎಂದು ಹಣೆ ಬಡಿದುಕೊಂಡರು. ಓಣಿಯ ಔಷಧ ಅಂಗಡಿಯವನು ಮಕ್ಕಳಿಗೆ ಕೊಟ್ಟ ಹನಿಯನ್ನೇ ಅವಳಿಗೂ ಕೊಟ್ಟ. ಫಕೀರೇಶ ದುರ್ಗದಬೈಲಿನಿಂದ ಕರಿ ಕನ್ನಡಕ ತಂದ. ನಂದಿಬಟ್ಟಲ ಹೂ ನೆನೆಹಾಕಿದ ನೀರು ಬಟ್ಟಲಲ್ಲಿ ಸಿದ್ಧವಾಯಿತು. ನಮ್ಮ ಕಡೆ ಒಂದು ಕಟ್ಟಳೆ ಇದೆ, ಅತ್ತೆ ಅದನ್ನು ಎಲ್ಲರಿಗೂ ಹೇಳಿದರು: "ಆಕೀ ಕಣ್ಣಾಗ ಯಾರೂ ಕಣ್ಣಿಟ್ಟ ನೋಡಬ್ಯಾಡ್ರಿ. ನೋಡಿದ್ರ ನಿಮಗೂ ಹತ್ತತೈತಿ."

ಹಾಗಾಗಿ ಯಾರೂ ನೋಡಲಿಲ್ಲ. ದಾಕ್ಷಿಯನ್ನು ಹಿಂದಿನ ಖೋಲಿಯಲ್ಲಿ ಮಲಗಿಸಿದರು. ಮಾತಾಡಿಸುವವರು ಹೊಸ್ತಿಲ ಮೇಲೆ ನಿಂತು ಗೋಡೆ ನೋಡುತ್ತ ಮಾತಾಡಿಸುವರು. ಅವಳ ತಾಟು ಬೇರೆ, ಟಾವೆಲ್ ಬೇರೆ. ಅತ್ತೆ ಕೂಡ ಹತ್ತಿರ ಹೋಗಲಿಲ್ಲ. ಇನ್ನೊಮ್ಮೆ ಮೊಮ್ಮಕ್ಕಳಿಗೆ ಹತ್ತಬಾರದಲ್ಲ. ಊಟ ಕೊಡುವ ಕೆಲಸ ನನಗೆ ಬಂತು.

ಅತ್ತೆಗೆ ಮಧ್ಯಾಹ್ನ ಹೊತ್ತು ಹೋಗದಾಯಿತು. ಶುಕ್ರವಾರ ಮೆಂತ್ಯೆ ಸೊಪ್ಪಿನ ಸಿವುಡು ತಂದು ನನ್ನ ಪಕ್ಕದಲ್ಲಿ, ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕುಳಿತರು. ಸೊಪ್ಪು ಬಿಡಿಸುತ್ತ ತಮ್ಮ ತವರಿನ ಬಾವಿಯ ಸುದ್ದಿ, ಹೊಲಿಗೆ ಕಲಿಸಿದ ಸೋದರತ್ತೆಯ ಸುದ್ದಿ, ಮದುವೆಯ ದಿನ ಕಾಲುಂಗುರ ಬಿಗಿಯಾಗಿ ಅತ್ತದ್ದು, ಎಲ್ಲ ಹೇಳಿದರು. ಹನ್ನೊಂದು ವರ್ಷದಲ್ಲಿ ನಾನು ಕೇಳದ ಸುದ್ದಿಗಳು. ನಾನು ಒಂದನ್ನೂ ಬಿಡದೆ ಕೇಳಿದೆ.

ಶನಿವಾರ ಮುಂಜಾನೆ ಚಹಾ ಕೊಡಲು ಖೋಲಿಗೆ ಹೋದಾಗ ದಾಕ್ಷಿ ಕನ್ನಡಕ ತೆಗೆದು ನೀರು ಒರೆಸಿಕೊಳ್ಳುತ್ತಿದ್ದಳು. ನಾನು ನೋಡಿದೆ. ಅವಳ ಮುಖ ನೋಡುವ ಚಟ ನನಗೆ ನಾಲ್ಕು ವರ್ಷದ್ದು. ಅತ್ತೆಗೆ ಅದರಲ್ಲಿ ಕಾಣುವುದು ಏನು ಎಂದು ಹುಡುಕುವ ಚಟ. ಕಟ್ಟಳೆ ಹೇಳಿ ಅದನ್ನು ಬಿಡಿಸಲು ಆಗುತ್ತಿರಲಿಲ್ಲ.

ಕೆಂಪಾದದ್ದು ಒಂದೇ ಕಣ್ಣು. ಕಣ್ಣು ಬಂದ ನನ್ನ ಮಕ್ಕಳ ರೆಪ್ಪೆಗಳು ಮುಂಜಾನೆ ಪಿಸುರಿನಿಂದ ಅಂಟಿಕೊಂಡಿರುತ್ತಿದ್ದವು. ಇವಳದರಲ್ಲಿ ಪಿಸುರು ಇರಲಿಲ್ಲ, ಬರೀ ನೀರು. ಮಕ್ಕಳ ಕಣ್ಣಲ್ಲಿ ಕೆಂಪು ಬಿಳಿಭಾಗದ ತುಂಬ ಹರಡಿತ್ತು. ಇವಳಲ್ಲಿ ಅದು ಕರಿಗುಡ್ಡೆಯ ಸುತ್ತ ಬಳೆಯಂತೆ ಕೂಡಿಕೊಂಡಿತ್ತು. ಕಿಟಕಿಯ ಬೆಳಕು ಬಿದ್ದ ಕೂಡಲೇ ಅವಳು "ಯವ್ವಾ" ಎಂದು ಮುಖ ತಿರುಗಿಸಿದಳು. ಅಷ್ಟರಲ್ಲಿ ಇನ್ನೊಂದನ್ನೂ ನೋಡಿದ್ದೆ. ಆ ಕಣ್ಣಿನ ಪಾಪೆ ಎಡಗಣ್ಣಿನದಕ್ಕಿಂತ ಸಣ್ಣದಾಗಿತ್ತು, ಮತ್ತು ದುಂಡಗೆ ಇರಲಿಲ್ಲ.

ಕಂಡದ್ದನ್ನು ಮೊದಲು ಬರೆ, ತೀರ್ಮಾನವನ್ನು ಆಮೇಲೆ ಬರೆ ಎಂದು ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ನಮಗೆ ಕಲಿಸಿದ್ದರು. ಕಂಡದ್ದೆಲ್ಲ ಒಂದೇ ಕಡೆ ಬೊಟ್ಟು ಮಾಡುತ್ತಿತ್ತು. ನಾನು ತೀರ್ಮಾನ ಬರೆಯಲಿಲ್ಲ. ನಾಳೆ ಭಾನುವಾರ, ಡಾಕ್ಟರ್ ಇರುವುದಿಲ್ಲ ಎಂದುಕೊಂಡೆ. ಅಂದು ಶನಿವಾರ, ಮುಂಜಾನೆ ಎಂಟು ಗಂಟೆ. ಆ ಮಧ್ಯಾಹ್ನ ಅತ್ತೆ ಮತ್ತೆ ಬಂದು ನನ್ನ ಪಕ್ಕದಲ್ಲಿ ಕುಳಿತರು. ಭಾನುವಾರವೂ ಕುಳಿತರು. ಸೋಮವಾರ ನನ್ನ ಕೈಯ ಸುಟ್ಟ ಕಲೆ ನೋಡಿ, "ಇದ ಯಾವಾಗ ಸುಟ್ಟಕೊಂಡಿ?" ಎಂದು ಕೇಳಿ, ತಮ್ಮ ಹೆಬ್ಬೆರಳಿನಿಂದ ಅದನ್ನು ಒಂದು ಸಲ ತೀಡಿದರು. ಹಿಂದಿನ ಖೋಲಿಯಿಂದ ದಾಕ್ಷಿಯ ನರಳಿಕೆ ಕೇಳುತ್ತಿತ್ತು. ನಾನು ಸೊಪ್ಪು ಬಿಡಿಸುತ್ತಿದ್ದೆ.

ಮಂಗಳವಾರ ಚಹಾ ಒಯ್ದಾಗ ದಾಕ್ಷಿ ಗೋಡೆಗೆ ಒರಗಿ ಕುಳಿತಿದ್ದಳು. ಕನ್ನಡಕ ಪಕ್ಕಕ್ಕಿತ್ತು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನನ್ನೇ ನೋಡಿದಳು.

"ಅಕ್ಕಾರ, ಈ ಕಣ್ಣೀಲೆ ನೋಡಿದ್ರ ನೀವು ಭಾಳ ಛಂದ ಕಾಣ್ತೀರಿ ನೋಡ್ರಿ."

"ಯಾಕ?"

"ಮಾರಿ ಮ್ಯಾಲಿನ ಸಿಟ್ಟಿನ ಗಂಟ ಕಾಣೂದಿಲ್ಲ. ಎಲ್ಲಾ ಮಂಜ ಮಂಜ."

ಅವಳು ನಗುತ್ತಿದ್ದಳು. ನಾನು ಚಹಾದ ಬಸಿಯನ್ನು ನೆಲಕ್ಕಿಟ್ಟು ಹೊರಗೆ ಓಡಿದೆ. "ಅತ್ತೀ, ಸತ್ತೂರಿಗೆ ಹೋಗ್ಬೇಕು, ಈಗಿಂದೀಗಽ" ಎಂದೆ. ಅತ್ತೆ ಏಕೆಂದು ಕೇಳಿದಾಗ, "ಇದು ಕಣ್ಣ ಬಂದಿದ್ದಲ್ಲ" ಎಂದಷ್ಟೇ ಹೇಳಿದೆ. ಮೂವರೂ ಆಟೋ ಹಿಡಿದು ಹೊರಟೆವು.

ಕಣ್ಣಿನ ಡಾಕ್ಟರ್ ಅವಳ ಗದ್ದವನ್ನು ಯಂತ್ರದ ಪಟ್ಟಿಯ ಮೇಲಿಡಿಸಿ ಬಹಳ ಹೊತ್ತು ನೋಡಿದರು. ಪಾಪೆ ಹಿಗ್ಗಿಸುವ ಹನಿ ಹಾಕಿ ಅರ್ಧ ತಾಸು ಕೂರಿಸಿ ಮತ್ತೆ ನೋಡಿದರು. ಆಮೇಲೆ ನನಗೂ ಟಾರ್ಚ್ ಹಿಡಿದು ತೋರಿಸಿದರು. ಪಾಪೆ ದುಂಡಗೆ ಹಿಗ್ಗಿರಲಿಲ್ಲ. ಮೂರು ಕಡೆ ಯಾರೋ ಒಳಗಿನಿಂದ ಹಿಡಿದೆಳೆದಂತೆ ಮೂಲೆ ಮೂಲೆಯಾಗಿತ್ತು. ಉರಿಯೂತದಿಂದ ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಂಡಿದೆ ಎಂದರು. ಅಂಟು ಬಿಡಿಸಲು, ಉರಿ ಇಳಿಸಲು ತಾಸಿಗೊಮ್ಮೆ ಹನಿ ಹಾಕಬೇಕು. ಬಿಡದಿದ್ದರೆ ಒಳಗಿನ ಒತ್ತಡ ಏರಿ ಕಣ್ಣೇ ಹೋಗಬಹುದು. ಮೊದಲ ದಿನವೇ ಬಂದಿದ್ದರೆ ಬಹುಶಃ ಅಂಟುತ್ತಲೇ ಇರಲಿಲ್ಲ.

ಸುದ್ದಿ ತಿಳಿದು ಡಾ. ರಮಾಕಾಂತ ಬಂದರು.

"ಯಾವಾಗಿಂದ ಕೆಂಪಾಗೇದ?"

"ಗುರುವಾರದಿಂದ್ರಿ" ಎಂದಳು ದಾಕ್ಷಿ.

"ಇವತ್ತ ಮಂಗಳವಾರ. ಅದೇ ದಿವಸ ಬರ್ರಿ ಅಂತ ಬರದು ಕೊಟ್ಟಿದ್ನೆಲ್ಲಾ. ಹೇಳಿರಲಿಲ್ಲೇನು ನೀವು?" ಅವರು ನನ್ನ ಕಡೆ ತಿರುಗಿದರು.

ಅಷ್ಟರಲ್ಲಿ ದಾಕ್ಷಿ, "ಅಕ್ಕಾರ ಆಮ್ಯಾಲೆ ನನಗ ಹೇಳಿದ್ರಿ ಸರ್. ನಾನಽ ಕೇಳಲಿಲ್ಲ. ಕಣ್ಣ ಬಂದಾವ, ತಾವಽ ಹೋಗ್ತಾವ ಅಂತ ಸುಮ್ನಿದ್ದೆ" ಎಂದಳು.

ಹೊರಗಿನ ಬೆಂಚಿನ ಮೇಲೆ ಅತ್ತೆ ಅವಳನ್ನು ಹಿಡಿದು ಬೈದ ಬೈಗುಳ ಆ ಸಾಲಿನಲ್ಲಿ ಕುಳಿತವರೆಲ್ಲ ತಿರುಗಿ ನೋಡುವಂತಿತ್ತು. "ಹೇಳಿದ್ದು ಕೇಳಲಾರದಾಕಿ! ಕಣ್ಣ ಕಳಕೊಂಡ ಕುಂತ್ರ ನಾ ಸತ್ತ ಮ್ಯಾಲೆ ನಿನ್ನ ಕೈ ಹಿಡದ ನಡಸಾಕ ಯಾರ ಬರ್ತಾರ? ಹುಚ್ಚ ಮೂಳಿ! ಕತ್ತಿ!" ಬಯ್ಯುತ್ತ ಅತ್ತರು, ಅಳುತ್ತ ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. ದಾಕ್ಷಿ ಅಲ್ಲಿಂದಲೇ ನನ್ನತ್ತ ಒಂದು ಕಣ್ಣು ತೆರೆದಳು.

ಅತ್ತೆ ಔಷಧದ ಕಿಟಕಿಗೆ ಹೋದಾಗ ನಾನು ಕೇಳಿದೆ: "ನಿನಗ ಹೆಂಗ ಗೊತ್ತಾತು?"

"ನಿನ್ನಿ ಸೋಮವಾರ ಅಲ್ರಿ? ಕಣ್ಣ ಬಂದಾಗ ಹಳದಿ ಗುಳಿಗಿ ತಗೋಬೇಕೋ ಬ್ಯಾಡೋ ಅಂತ ಚೀಟಿ ತಗದೆ. ಏಳನೇತ್ತದ ತನಕ ನಾನೂ ಇಂಗ್ಲಿಷ್ ಕಲತೇನಿ. ರೆಡ್ ಗೊತ್ತು, ಐ ಗೊತ್ತು."

"ನಿನ್ನೆನಽ ಹೇಳಬಾರದಾಗಿತ್ತ?"

"ನೀವಽ ಹೇಳ್ತೀರೇನೋ ಅಂತ ನೋಡಿದೆ. ಮುಂಜಾನೆ ತನಕ ನೋಡಿದೆ" ಎಂದಳು.

"ಮತ್ತ ಡಾಕ್ಟರ್ ಮುಂದ ಯಾಕ ಸುಳ್ಳ ಹೇಳಿದಿ?"

"ಖರೇ ಹೇಳಿದ್ರ ಅತ್ತಿ ನಿಮ್ಮನ್ನ ನನ್ನ ಹತ್ರ ಬಿಡ್ತಾರೇನು? ತಾಸಿಗೊಮ್ಮೆ ಔಷಧ ಹಾಕೋರು ಯಾರು? ಅತ್ತಿ ಕೈ ನಡಗತಾವು. ನಿಮ್ಮ ಕೈ ಗಟ್ಟಿ ಅದಾವ, ಗಡಿಯಾರ ನೋಡಿ ಕೆಲಸಾ ಮಾಡ್ತೀರಿ." ಅವಳ ದನಿಯಲ್ಲಿ ಕರುಣೆ ಇರಲಿಲ್ಲ. ಕಣ್ಣು ಉಳಿಸಿಕೊಳ್ಳುವ ಅವಸರ ಇತ್ತು, ಅಷ್ಟೆ.

ಮರುದಿನದಿಂದ ಮುಂಜಾನೆ ಆರರಿಂದ ತಾಸಿಗೊಮ್ಮೆ ನಾನು ಅವಳ ಕೆಳರೆಪ್ಪೆ ಎಳೆದು ಹನಿ ಹಾಕಿದೆ. ಹೊತ್ತು ಬರೆದಿಟ್ಟೆ, ಟಾರ್ಚ್ ಹಿಡಿದು ಪಾಪೆಯ ಆಕಾರವನ್ನು ದಿನಕ್ಕೊಂದು ಚಿತ್ರ ಬರೆದಿಟ್ಟೆ. ಗುರುವಾರ ಒಂದು ಮೂಲೆ ಬಿಟ್ಟಿತು. ಕಟ್ಟಳೆ ಮುರಿದುಬಿದ್ದಿತ್ತು. ಅತ್ತೆ ಈಗ ಅವಳ ಹಾಸಿಗೆಯಲ್ಲೇ ಕೂಡುತ್ತಿದ್ದರು, ಅಡುಗೆಮನೆಗೆ ಬರುತ್ತಿರಲಿಲ್ಲ. ಪ್ರತಿ ಹನಿಗೂ ಒಂದು ಬೈಗುಳ: "ಹೇಳಿದಾಗ ಕೇಳಿದ್ರ ಇದೆಲ್ಲಾ ಬೇಕಾಗಿತ್ತೇನ ನಿನಗ?" ಬಯ್ದು ಹಣೆ ನೇವರಿಸುವರು. ನನಗೆ, "ಪಾಪ, ಗೀತಾ ಹೇಳಿದ್ಲು, ಶಾಣ್ಯಾಕಿ" ಎನ್ನುವರು.

ಆ ಬೈಗುಳ ನನ್ನದು. ನಾನು ಮಾಡಿದ್ದಕ್ಕೆ ಬಿದ್ದ ಬೈಗುಳ. ಅದನ್ನೂ ಅವಳೇ ತೆಗೆದುಕೊಂಡಿದ್ದಳು, ಅದರ ಹಿಂದೆ ಬರುವ ಕೈಯನ್ನೂ ಅವಳೇ ತೆಗೆದುಕೊಂಡಿದ್ದಳು. ಕೊನೆಗೆ ನಾನು ಅತ್ತೆಗೆ ಸತ್ಯ ಹೇಳಿದ್ದು ಪಶ್ಚಾತ್ತಾಪದಿಂದ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಆಸ್ಪತ್ರೆಗೆ ಹೋಗಿ ಬಂದ ಆ ವಾರದ ಶನಿವಾರ ಮುಂಜಾನೆ ನನ್ನನ್ನು ಪಡಸಾಲೆಗೆ ಎಳೆದು ತಂದದ್ದು ಹೊಟ್ಟೆಕಿಚ್ಚು. ಅತ್ತೆ ನನಗೆ ಬಯ್ಯಬೇಕಾಗಿತ್ತು.

ಅವರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಎದುರಿಗೆ ನಿಂತೆ.

"ಅತ್ತೀ, ದಾಕ್ಷಿಗೆ ನಾ ಹೇಳಿದ್ದಿಲ್ಲ. ಚೀಟ್ಯಾಗಿನ ಆ ಸಾಲ ನಾ ಬೇಕಂತ ಓದಲಿಲ್ಲ. ಕಣ್ಣ ಕೆಂಪಾದ ಮ್ಯಾಲೂ ನನಗ ಗೊತ್ತಿತ್ತು. ನಾ ಸುಮ್ನಿದ್ದೆ."

ಅತ್ತೆಯ ಬೆರಳು ಜೋಳದಲ್ಲಿ ನಿಂತಿತು.

"ಯಾಕ?"

"ಹೊಟ್ಟಿಕಿಚ್ಚು."

ಕತ್ತೆ, ಮೂಳಿ, ಯಾವುದಾದರೂ ಬರಲಿ ಎಂದು ನಾನು ತಲೆ ತಗ್ಗಿಸಿ ಕಾದೆ. ಹೊಡೆದಿದ್ದರೂ ನಿಂತುಕೊಳ್ಳುತ್ತಿದ್ದೆ. ಅವರು ಒಂದು ಹರಳು ಆರಿಸಿ ಪಕ್ಕಕ್ಕಿಟ್ಟರು, ಇನ್ನೊಂದು ಆರಿಸಿದರು. ಗೋಡೆಯ ಗಡಿಯಾರದತ್ತ ನೋಡಿದರು.

"ಹತ್ತು ಹೊಡೀತ ನೋಡ್ರಿ" ಎಂದರು. "ಹೋಗಿ ಔಷಧ ಹಾಕ್ರಿ."

ನನಗೆ ಮೊದಲು ಅರ್ಥವಾಗಲಿಲ್ಲ. ಹಿಂದೆ ಯಾರಾದರೂ ಬಂದು ನಿಂತಿದ್ದಾರೆಯೇ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಅಂದಿನಿಂದ ಅವರು ನನಗೆ "ನೀ" ಎನ್ನಲಿಲ್ಲ. "ಊಟಾ ಮಾಡ್ರಿ." "ಹಾಲು ಇಳಸ್ರಿ." "ನೀವು ದಣದೀರಿ, ಮಲಗ್ರಿ." ನನ್ನ ಹೆಸರು ಅವರ ಬಾಯಿಂದ ಹೋಯಿತು. ನಾನು ಮಾಡಿದ್ದನ್ನು ಅತ್ತೆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ನನ್ನ ಗಂಡನಿಗೂ ಹೇಳಲಿಲ್ಲ. ಪಕ್ಕದ ಮನೆಯವರು, "ಸೊಸಿಗೆ ಎಷ್ಟ ಮರ್ಯಾದಿ ಕೊಡ್ತಾರ್ರಿ ನಿಮ್ಮತ್ತಿ" ಎಂದು ಮೆಚ್ಚಿಕೊಂಡರು. ದಾಕ್ಷಿಗೆ ಮಾತ್ರ ಎರಡನೆಯ ದಿನವೇ ತಿಳಿಯಿತು. ನಾನು ಹನಿ ಹಾಕುವಾಗ ಮೆಲ್ಲಗೆ ಕೇಳಿದಳು.

"ಹೇಳಿಬಿಟ್ರೇನ್ರಿ?"

"ಹುಂ."

"ಎಂಥಾ ಹುಚ್ಚೀರಿ ನೀವು! ನಾ ಇಷ್ಟ ಬೈಸ್ಕೊಂಡಿದ್ದು ನೀರಾಗ ಹೋತಲ್ಲ."

ಅಕ್ಟೋಬರಿನಲ್ಲಿ ಮತ್ತೆ ಮೂವರೂ ಸತ್ತೂರಿಗೆ ಹೋದೆವು. ಎರಡು ಕಡೆಯ ಅಂಟು ಬಿಟ್ಟಿತ್ತು, ಒಂದು ಉಳಿದಿತ್ತು. ಗೋಡೆಯ ಮೇಲಿನ ಅಕ್ಷರಗಳ ಪಟ್ಟಿಯಲ್ಲಿ ದಾಕ್ಷಿ ಬಲಗಣ್ಣಿನಿಂದ ನಾಲ್ಕು ಸಾಲು ಓದಿದಳು, ಐದನೆಯದಕ್ಕೆ ತಡವರಿಸಿದಳು. ಇದಕ್ಕಿಂತ ಹೆಚ್ಚು ಸುಧಾರಿಸಲಿಕ್ಕಿಲ್ಲ, ಕಾದುಕೊಂಡರೆ ಇಷ್ಟು ಉಳಿಯುತ್ತದೆ ಎಂದರು ಡಾಕ್ಟರ್. ಒತ್ತಡ ನೋಡಲು ಮೂರು ತಿಂಗಳಿಗೊಮ್ಮೆ ಬರಬೇಕು.

ಹೊರಗೆ ಬರುವಾಗ ಮೆಟ್ಟಿಲುಗಳಿದ್ದವು. ಹನಿ ಹಾಕಿದ ಕಣ್ಣಿಗೆ ಅವು ಸರಿಯಾಗಿ ಕಾಣುತ್ತಿರಲಿಲ್ಲ. ನಾನು ದಾಕ್ಷಿಯ ತೋಳು ಹಿಡಿಯಲು ಕೈ ಚಾಚಿದೆ. ಅತ್ತೆ ನಡುವೆ ಬಂದು ಆ ತೋಳನ್ನು ತಾವೇ ಹಿಡಿದುಕೊಂಡರು.

"ನೀವು ಮುಂದ ನಡೀರಿ" ಎಂದರು ನನಗೆ.

ನಾನು ಮುಂದೆ ನಡೆದೆ. ಹಿಂದಿನಿಂದ ಕೇಳುತ್ತಿತ್ತು: "ಕೆಳಗ ನೋಡಿ ಕಾಲಿಡ, ಕತ್ತೀ. ಎಡವಿ ಬಿದ್ದಿ ಅಂದ್ರ ಇಲ್ಲೇ ಬಿಟ್ಟ ಹೋಗ್ತೇನಿ ನೋಡ."